ಲೋಲಕದ ಗಡಿಯಾರ ದಿನಕ್ಕೆ 3 ನಿಮಿಷ ಹಿಂದೆ

ಪ್ರಶ್ನೆ: ನಮ್ಮ ವೆಲ್ಡಿಂಗ್ ಅಂಗಡಿಯಲ್ಲಿ ಉಳಿದಿದ್ದ ಹಿತ್ತಾಳೆ ತಗಡಿನಿಂದ 30 ಹಲ್ಲಿನ ಚಕ್ರ ಕತ್ತರಿಸಿ, ಕಬ್ಬಿಣದ ಸರಳಿಗೆ ಗುಂಡು ತೂಗುಹಾಕಿ ಗಡಿಯಾರವೊಂದನ್ನು ಮಾಡಿದ್ದೇನೆ. ಅದು ದಿನಕ್ಕೆ 3 ನಿಮಿಷ ಹಿಂದೆ ಬೀಳುತ್ತದೆ. ರಾಯಚೂರಿನ ಬಿಸಿಲು ಇದಕ್ಕೆ ಕಾರಣವೇ? ಗುಂಡಿನ ಭಾರ ಹೆಚ್ಚಿಸಲೇ?
— ಓದುಗರು, ರಾಯಚೂರು

ಉತ್ತರ: ಭಾರ ಹೆಚ್ಚಿಸುವುದರಿಂದ ಪ್ರಯೋಜನವಿಲ್ಲ, ತೂಗಾಟದ ಅವಧಿಯನ್ನು ನಿರ್ಧರಿಸುವುದು ಮುಖ್ಯವಾಗಿ ಲೋಲಕದ ಉದ್ದವೇ. ನಿಮ್ಮ ಚಕ್ರ 60 ಸೆಕೆಂಡಿಗೆ ಒಂದು ಸುತ್ತು ಬರಬೇಕಾದರೆ ಲೋಲಕ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯಾಗಿ ಒಂದು ಸೆಕೆಂಡಿನಲ್ಲಿ ಸಾಗಬೇಕು, ಅದಕ್ಕೆ ತೂಗುವ ಬಿಂದುವಿನಿಂದ ಗುಂಡಿನ ನಡುವಿನವರೆಗೆ ಸುಮಾರು 99 ಸೆಂಟಿಮೀಟರ್ ಇರಬೇಕು. ಈ ಅಳತೆಯಲ್ಲಿ 1 ಮಿಲಿಮೀಟರ್ ವ್ಯತ್ಯಾಸವಾದರೂ ದಿನಕ್ಕೆ ಸುಮಾರು 43 ಸೆಕೆಂಡು ಏರುಪೇರಾಗುತ್ತದೆ. ಆದ್ದರಿಂದ ಸರಳಿನ ತುದಿಗೆ 6 ಮಿಲಿಮೀಟರ್ ಬೋಲ್ಟಿನ ಸಾಮಾನ್ಯ ಥ್ರೆಡ್ ಹಾಕಿ, ಗುಂಡಿನ ಕೆಳಗೆ ನಟ್ ಕೂರಿಸಿ. ಅದರ ಒಂದು ಸುತ್ತು ಗುಂಡನ್ನು ಸರಿಯಾಗಿ 1 ಮಿಲಿಮೀಟರ್ ಮೇಲೆತ್ತುತ್ತದೆ. ನಾಲ್ಕು ಸುತ್ತು ಬಿಗಿಮಾಡಿದರೆ ನಿಮ್ಮ 3 ನಿಮಿಷ ಬಹುತೇಕ ಸರಿಹೋಗುತ್ತದೆ. ಉಳಿದದ್ದನ್ನು ದಿನಕ್ಕೊಮ್ಮೆ ನೋಡಿ ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತ ಹೊಂದಿಸಿಕೊಳ್ಳಿ.

ಬಿಸಿಲಿನ ಪಾಲು ಇದ್ದೇ ಇದೆ, ಆದರೆ ನೀವು ಶಂಕಿಸುವಷ್ಟಲ್ಲ. ಉಷ್ಣತೆ 20 ಡಿಗ್ರಿ ಏರಿದರೆ ಮೀಟರ್ ಉದ್ದದ ಕಬ್ಬಿಣ ಕಾಲು ಮಿಲಿಮೀಟರಿನಷ್ಟೂ ಹಿಗ್ಗದು; ದಿನಕ್ಕೆ ಸುಮಾರು 10 ಸೆಕೆಂಡು ನಷ್ಟ. ಅದೂ ಬೇಡವೆಂದರೆ ನೇರ ಎಳೆಯ ಒಣ ಸಾಗುವಾನಿ ಕಡ್ಡಿ ಬಳಸಿ, ಮಳೆಗಾಲದ ತೇವ ಹೀರದಂತೆ ವಾರ್ನಿಷ್ ಬಳಿಯಿರಿ. ಗಡಿಯಾರವನ್ನು ಅಲುಗಾಡುವ ಸ್ಟ್ಯಾಂಡಿಗೆ ಮಾತ್ರ ತೂಗುಹಾಕಬೇಡಿ, ಕಲ್ಲಿನ ಗೋಡೆಗೇ ಬಿಗಿಯಿರಿ.