ಗೆಳೆಯರ ಮನೆಗೆ ಹೋದಾಗ ಬಂದ ಪಾರ್ಕಿಂಗ್ ನೋಟಿಸ್: ಕ್ಷಮಾಪಣೆ ಪತ್ರ ಕಳಿಸಬೇಡಿ

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. 2025ರ ನವೆಂಬರ್ 2ರ ಭಾನುವಾರ ಮಿಲ್ಟನ್ ಕೀನ್ಸ್‌ನ ಗೆಳೆಯರ ಫ್ಲ್ಯಾಟಿಗೆ ರಾಜ್ಯೋತ್ಸವದ ಊಟಕ್ಕೆ ಹೋಗಿದ್ದೆವು. ಅವರು ತಮ್ಮ ಕಾರನ್ನು ಬೀದಿಗೆ ತೆಗೆದು, ತಮ್ಮ ಫ್ಲ್ಯಾಟಿಗೆ ಗೊತ್ತುಪಡಿಸಿದ ಜಾಗವನ್ನು ನಮಗೆ ಬಿಟ್ಟುಕೊಟ್ಟರು; ಅತಿಥಿ ಪರ್ಮಿಟ್ಟಿನ ಚೀಟಿಯನ್ನೂ ಕೊಟ್ಟರು. ಆ ಚೀಟಿ ಡ್ಯಾಶ್‌ಬೋರ್ಡಿನಿಂದ ಜಾರಿ ಸೀಟಿನ ಕೆಳಗೆ ಬಿದ್ದದ್ದು ಹೊರಡುವಾಗ ಕಂಡಿತು. ಗಾಜಿನ ಮೇಲೆ ಯಾರೂ ಏನನ್ನೂ ಅಂಟಿಸಿರಲಿಲ್ಲ. ಈಗ ಖಾಸಗಿ ಪಾರ್ಕಿಂಗ್ ಕಂಪನಿಯೊಂದರಿಂದ ನವೆಂಬರ್ 21ರ ದಿನಾಂಕದ ಪತ್ರವೊಂದು ನನ್ನ ಹೆಸರಿಗೆ ಬಂದಿದೆ: 100 ಪೌಂಡ್ ಕಟ್ಟಬೇಕು, 14 ದಿನದೊಳಗೆ ಕಟ್ಟಿದರೆ 60. ಒಬ್ಬರು ಕಸದ ಬುಟ್ಟಿಗೆ ಹಾಕು ಎನ್ನುತ್ತಾರೆ, ಇನ್ನೊಬ್ಬರು ವೀಸಾಕ್ಕೆ ತೊಂದರೆಯಾದೀತು, ಕಟ್ಟಿಬಿಡು ಎನ್ನುತ್ತಾರೆ. ನಡೆದದ್ದನ್ನೆಲ್ಲ ವಿವರಿಸಿ, ಕ್ಷಮೆ ಕೇಳಿ ಪತ್ರ ಬರೆದಿಟ್ಟಿದ್ದೇನೆ. ಕಳಿಸಲೇ?

ಉತ್ತರ: ಕಳಿಸಬೇಡಿ. ನಿಮ್ಮ ಕೈಯಲ್ಲಿರುವ ಅತಿ ಬಲವಾದ ವಾದವನ್ನು ಆ ಪತ್ರದ ಮೊದಲ ಸಾಲೇ ಕಳೆದುಬಿಡುತ್ತದೆ.

ಮೊದಲಿಗೆ, ಇದು ಸರ್ಕಾರ ಹಾಕಿದ ದಂಡವಲ್ಲ. ಪುರಸಭೆ ಕಳಿಸುವುದು ಪೆನಾಲ್ಟಿ ಚಾರ್ಜ್ ನೋಟಿಸ್, ಖಾಸಗಿ ಕಂಪನಿ ಕಳಿಸುವುದು ಪಾರ್ಕಿಂಗ್ ಚಾರ್ಜ್ ನೋಟಿಸ್. ಎರಡನ್ನೂ ಪಿಸಿಎನ್ ಎಂದೇ ಕರೆಯುವುದರಿಂದ ಜನ ಗಾಬರಿಯಾಗುತ್ತಾರೆ, ಆ ಗಾಬರಿ ಕಂಪನಿಗಳಿಗೆ ಅನುಕೂಲವೇ. ನಿಮ್ಮದು ಒಪ್ಪಂದ ಮುರಿದಿದ್ದೀರಿ ಎಂಬ ಆರೋಪದ ಮೇಲೆ ಕೇಳುತ್ತಿರುವ ಹಣ. ಅಲ್ಲಿ ನಿಲ್ಲಿಸಿದ್ದ ಫಲಕವೇ ಒಪ್ಪಂದ, ಕಾರು ನಿಲ್ಲಿಸಿದವರು ಅದಕ್ಕೆ ಒಪ್ಪಿದಂತೆ ಎಂಬುದು ಅವರ ವಾದ. ಹಾಗಾದರೆ ಒಪ್ಪಿದವರು ಯಾರು? ಚಾಲಕರು. ಕಂಪನಿಗೆ ಚಾಲಕರು ಯಾರೆಂದು ಗೊತ್ತಿಲ್ಲ. 2.50 ಪೌಂಡ್ ಶುಲ್ಕ ಕಟ್ಟಿ ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್ಎಯಿಂದ ಪಡೆದದ್ದು ಕಾರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಆ ಕೀಪರ್ ಹೆಸರು, ಅಂದರೆ ನಿಮ್ಮ ಹೆಸರು ಮಾತ್ರ.

ಚಾಲಕರು ಗೊತ್ತಿಲ್ಲದಿದ್ದರೂ ಕೀಪರ್‌ನಿಂದಲೇ ಹಣ ಕೇಳುವ ಅಧಿಕಾರವನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಕಾಯ್ದೆಯ 4ನೇ ಅನುಸೂಚಿ ಕೊಟ್ಟಿದೆ. ಆದರೆ ಷರತ್ತುಗಳಿವೆ. ಗಾಜಿನ ಮೇಲೆ ನೋಟಿಸ್ ಇಡದೆ ನೇರವಾಗಿ ಅಂಚೆಯಲ್ಲಿ ಕಳಿಸಿದರೆ, ಪಾರ್ಕಿಂಗ್ ಮುಗಿದ ಮರುದಿನದಿಂದ ಎಣಿಸಿ 14 ದಿನದೊಳಗೆ ಅದು ಕೀಪರ್‌ಗೆ ತಲುಪಿರಬೇಕು. ಬರೆದರೆ ಸಾಲದು, ಅಂಚೆಗೆ ಹಾಕಿದರೂ ಸಾಲದು, ತಲುಪಬೇಕು. ನಿಮ್ಮ ವಿಷಯದಲ್ಲಿ ಆ ಗಡುವು ನವೆಂಬರ್ 16ಕ್ಕೆ ಮುಗಿದಿದೆ, ಪತ್ರದ ದಿನಾಂಕವೇ 21. ಆದ್ದರಿಂದ ಕೀಪರ್ ಎಂಬ ಕಾರಣಕ್ಕೆ ನಿಮ್ಮಿಂದ ವಸೂಲಿ ಮಾಡುವ ದಾರಿ ಅವರಿಗೆ ಮುಚ್ಚಿದೆ. ಉಳಿದಿರುವುದು ಚಾಲಕರಿಂದ ಕೇಳುವ ದಾರಿ. "ನಾನು ಅಂದು ಕಾರು ನಿಲ್ಲಿಸಿದ್ದೆ, ದಯವಿಟ್ಟು ಕ್ಷಮಿಸಿ" ಎಂದು ಬರೆದರೆ ಆ ಬಾಗಿಲನ್ನು ನೀವೇ ತೆರೆದುಕೊಟ್ಟಂತೆ.

ಒಂದನ್ನು ಖಚಿತಪಡಿಸಿಕೊಳ್ಳಿ. ಇದು ಮೊದಲ ಪತ್ರವೇ, ನೆನಪೋಲೆಯೇ? ಕಾರಿನ ವಿ5ಸಿ ನೋಂದಣಿ ಪತ್ರದಲ್ಲಿ ಹಳೆಯ ವಿಳಾಸವಿದ್ದು ಮೊದಲ ಪತ್ರ ಅಲ್ಲಿಗೆ ಹೋಗಿದ್ದರೆ ಈ ಲೆಕ್ಕ ಕೆಡುತ್ತದೆ. ಗಾಜಿನ ಮೇಲೆ ನೋಟಿಸ್ ಇಟ್ಟಿದ್ದರೂ ಲೆಕ್ಕ ಬೇರೆ: ಆಗ ಕಂಪನಿ 28 ದಿನ ಕಾಯಬೇಕು, ಅದರ ನಂತರದ 28 ದಿನಗಳಲ್ಲಿ ಕೀಪರ್‌ಗೆ ಪತ್ರ ತಲುಪಿಸಬೇಕು.

ಚಾಲಕರ ಹೆಸರು ಹೇಳದಿರುವುದು ಸುಳ್ಳಾಗುವುದಿಲ್ಲವೇ ಎಂದು ನಮ್ಮವರು ಬಹಳ ಸಂಕೋಚದಿಂದ ಕೇಳುತ್ತಾರೆ. ಆಗುವುದಿಲ್ಲ. ಪೊಲೀಸರು ಕೇಳಿದರೆ 1988ರ ರಸ್ತೆ ಸಂಚಾರ ಕಾಯ್ದೆಯ 172ನೇ ಸೆಕ್ಷನ್ ಪ್ರಕಾರ ಹೇಳಲೇಬೇಕು. ಖಾಸಗಿ ಕಂಪನಿಗೆ ಹೇಳಬೇಕೆಂಬ ಕಾನೂನಿಲ್ಲ. ಆದರೆ ಬೇರೊಬ್ಬರು ಓಡಿಸಿದರೆಂದು ಕಟ್ಟುಕಥೆ ಹೇಳಬೇಡಿ. ನಾಳೆ ನ್ಯಾಯಾಲಯದಲ್ಲಿ ನೇರವಾಗಿ ಕೇಳಿದರೆ ನಿಜವನ್ನೇ ಹೇಳಬೇಕು.

ಪತ್ರ ಚಿಕ್ಕದಾಗಿರಲಿ: ನಾನು ಈ ವಾಹನದ ಕೀಪರ್, ಆರೋಪವನ್ನು ಒಪ್ಪುವುದಿಲ್ಲ, ನಿಮ್ಮ ನೋಟಿಸ್ ಕಾಯ್ದೆಯ ಗಡುವಿನೊಳಗೆ ತಲುಪಿಲ್ಲವಾದ್ದರಿಂದ ಕೀಪರ್ ಹೊಣೆಯಾಗುವುದಿಲ್ಲ, ಚಾಲಕರ ಹೆಸರನ್ನು ತಿಳಿಸುವುದಿಲ್ಲ, ರದ್ದು ಮಾಡಿ, ಇಲ್ಲವೇ ಸ್ವತಂತ್ರ ಮೇಲ್ಮನವಿಗೆ ಸಂಕೇತ ಸಂಖ್ಯೆ ಕೊಡಿ. ನೋಟಿಸ್ ಬಂದ 28 ದಿನದೊಳಗೆ ಕಂಪನಿಯ ಜಾಲತಾಣದ ಮೂಲಕವೇ ಸಲ್ಲಿಸಿ, ತೆರೆಯ ಚಿತ್ರ ಉಳಿಸಿಕೊಳ್ಳಿ. ಅಲ್ಲಿನ ಅರ್ಜಿಯಲ್ಲಿ "ನೀವು ಯಾರು" ಎಂಬಲ್ಲಿ ಚಾಲಕ ಎಂಬುದನ್ನು ಒತ್ತಿಬಿಡಬೇಡಿ.

ಇದರ ಜೊತೆಗೆ, ನನ್ನ ಪ್ರಕಾರ ಇದಕ್ಕೂ ಮೊದಲೇ, ನಿಮ್ಮ ಗೆಳೆಯರು ಒಂದು ಕೆಲಸ ಮಾಡಬೇಕು. ಆ ಕಟ್ಟಡಕ್ಕೆ ಪಾರ್ಕಿಂಗ್ ಕಂಪನಿಯನ್ನು ಕರೆತಂದವರು ಕಟ್ಟಡದ ನಿರ್ವಹಣಾ ಏಜೆಂಟರು. "ನನ್ನ ಜಾಗದಲ್ಲಿ, ನನ್ನ ಅನುಮತಿಯಿಂದ, ನಾನೇ ಕೊಟ್ಟ ಪರ್ಮಿಟ್ಟಿನೊಂದಿಗೆ ನಿಂತಿದ್ದ ಅತಿಥಿಯ ಕಾರಿಗೆ ಹಾಕಿರುವ ಈ ಚಾರ್ಜನ್ನು ರದ್ದು ಮಾಡಿಸಿ" ಎಂದು ಅವರು ಏಜೆಂಟರಿಗೆ ಬರೆಯಲಿ. ಅಲ್ಲೂ ಚಾಲಕರು ಯಾರೆಂಬ ಮಾತು ಬೇಡ. ಕೆಲಸ ಕೊಟ್ಟವರು ಹೇಳಿದರೆ ಕಂಪನಿ ಮಾತಿಲ್ಲದೆ ಕೈಬಿಡುವುದುಂಟು. ಗೆಳೆಯರಿಗೆ ತೊಂದರೆ ಕೊಡುವುದೇಕೆ ಎಂದು ನೀವು ಹಿಂಜರಿಯುತ್ತೀರಿ, ಗೊತ್ತು. ಊಟಕ್ಕೆ ಕರೆದವರು ಒಂದು ಇಮೇಲ್ ಬರೆಯಲಾರರೇ?

ಅವರ ಬಾಡಿಗೆ ಕರಾರು ಅಥವಾ ಲೀಸ್ ಪತ್ರವನ್ನೂ ತರಿಸಿ ಓದಿ. ಫ್ಲ್ಯಾಟಿನೊಡನೆ ಪಾರ್ಕಿಂಗ್ ಜಾಗವನ್ನೂ ಕೊಟ್ಟು, ಪರ್ಮಿಟ್ ತೋರಿಸಬೇಕೆಂಬ ಷರತ್ತನ್ನೇ ಅದರಲ್ಲಿ ಹಾಕಿಲ್ಲದಿದ್ದರೆ, ಆಮೇಲೆ ಬಂದ ಕಂಪನಿ ಫಲಕ ನೆಟ್ಟು ಆ ಹಕ್ಕನ್ನು ಮೊಟಕುಗೊಳಿಸಲಾಗದು ಎಂದು ವಾದಿಸಬಹುದು. ನಿವಾಸಿಗಳ ಪರವಾಗಿ ಕೌಂಟಿ ಕೋರ್ಟುಗಳು ಈ ವಾದವನ್ನು ಒಪ್ಪಿದ್ದುಂಟು. 2016ರಲ್ಲಿ ಆಕ್ಸ್‌ಫರ್ಡ್ ಕೌಂಟಿ ಕೋರ್ಟ್, ಮನೆ ಬಾಗಿಲಲ್ಲಿ ಮೇಜು ಇಳಿಸಲು ಸ್ವಲ್ಪ ಹೊತ್ತು ಕಾರು ನಿಲ್ಲಿಸಿದ್ದ ಬಾಡಿಗೆದಾರರ ಮೇಲ್ಮನವಿಯನ್ನು ಎತ್ತಿಹಿಡಿಯಿತು. ಇಂಥ ತೀರ್ಪುಗಳು ಬೇರೆ ನ್ಯಾಯಾಧೀಶರನ್ನು ಕಟ್ಟಿಹಾಕುವುದಿಲ್ಲ, ಆದರೆ ಕಿವಿಗೊಡುವಂತೆ ಮಾಡುತ್ತವೆ.

ಚೀಟಿ ಜಾರಿ ಬಿದ್ದ ಕಥೆ ನಿಮಗೆ ಮುಖ್ಯವಾಗಿ ಕಂಡಿದೆ. ಅದೊಂದನ್ನೇ ನೆಚ್ಚಿದರೆ ಅದು ದುರ್ಬಲ. "ಸ್ಪಷ್ಟವಾಗಿ ಕಾಣುವಂತೆ ಇಡಬೇಕು" ಎಂದು ಫಲಕದಲ್ಲಿ ಬರೆದಿರುತ್ತದೆ. "ಅವರಿಗೆ ಯಾವ ನಷ್ಟವೂ ಆಗಿಲ್ಲವಲ್ಲ" ಎಂಬ ವಾದವೂ 2015ರ ನವೆಂಬರ್‌ನಿಂದೀಚೆಗೆ ಸುಲಭವಾಗಿ ನಡೆಯದು. ಚೆಮ್ಸ್‌ಫರ್ಡ್‌ನ ಮಾರಾಟ ಮಳಿಗೆಗಳ ಪಾರ್ಕಿಂಗ್ ಜಾಗದಲ್ಲಿ ಎರಡು ಗಂಟೆಯ ಉಚಿತ ಅವಧಿ ಮೀರಿ 56 ನಿಮಿಷ ನಿಂತವರಿಗೆ ಹಾಕಿದ್ದ 85 ಪೌಂಡ್ ನ್ಯಾಯವೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ಜಾಗ ಬೇಗ ಖಾಲಿಯಾಗುವಂತೆ ನೋಡಿಕೊಳ್ಳುವುದರಲ್ಲಿ ಕಂಪನಿಗೆ ನ್ಯಾಯಬದ್ಧ ಹಿತಾಸಕ್ತಿ ಇದೆ ಎಂಬುದು ಕಾರಣ. ನಿಮ್ಮ ಗೆಳೆಯರ ಸ್ವಂತ ಜಾಗಕ್ಕೆ ಆ ಕಾರಣ ಹೊಂದುವುದಿಲ್ಲ. ಇಷ್ಟನ್ನು ಹೇಳಿ, ಆದರೆ ಕೊನೆಯಲ್ಲಿ ಹೇಳಿ.

ಕಂಪನಿ ತಿರಸ್ಕರಿಸಿದರೆ ಮುಂದಿನ ಹೆಜ್ಜೆ ಅದು ಯಾವ ಸಂಘದ ಸದಸ್ಯ ಎಂಬುದರ ಮೇಲೆ ನಿಂತಿದೆ. ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ ಆದರೆ ಪೊಪ್ಲಾ ಎಂಬ ಮೇಲ್ಮನವಿ ಸೇವೆ, ಇಂಟರ್‌ನ್ಯಾಷನಲ್ ಪಾರ್ಕಿಂಗ್ ಕಮ್ಯುನಿಟಿ ಆದರೆ ಐಎಎಸ್ ಎಂಬ ಮೇಲ್ಮನವಿ ಸೇವೆ (ನಮ್ಮ ಜಿಲ್ಲಾಧಿಕಾರಿಗಳ ಐಎಎಸ್ ಅಲ್ಲ). ಪೊಪ್ಲಾ ನಿಮಗೆ ಉಚಿತ. ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ಅಲ್ಲಿ ಗಡುವಿನ ವಾದದ ಜೊತೆಗೆ, ಆ ಜಾಗದಲ್ಲಿ ನೋಟಿಸ್ ಕೊಡಲು ಜಮೀನಿನ ಒಡೆಯರಿಂದ ಅಧಿಕಾರವಿದೆ ಎಂಬುದಕ್ಕೆ ಪುರಾವೆ ತೋರಿಸಲಿ ಎಂದೂ ಕೇಳಿ. ಐಎಎಸ್ ಬಗ್ಗೆ ನಾನು ಹೆಚ್ಚು ಆಸೆ ಇಟ್ಟುಕೊಳ್ಳುವುದಿಲ್ಲ. ಸ್ವತಂತ್ರ ಮೇಲ್ಮನವಿಗೆ ಹೋದರೆ 60 ಪೌಂಡಿನ ರಿಯಾಯಿತಿ ಸಾಮಾನ್ಯವಾಗಿ ಕೈತಪ್ಪುತ್ತದೆ, ನೆನಪಿರಲಿ.

ಕಸದ ಬುಟ್ಟಿಯ ಸಲಹೆ ಅಪಾಯದ್ದು. ಮೊದಲು ಸಾಲ ವಸೂಲಿಗಾರರ ಪತ್ರಗಳು ಬರುತ್ತವೆ, ಮೊತ್ತಕ್ಕೆ 70 ಪೌಂಡ್ ಸೇರುತ್ತದೆ. ಅವರು ಮನೆಯ ಸಾಮಾನು ಜಪ್ತಿ ಮಾಡುವ ಅಧಿಕಾರಿಗಳಲ್ಲ. ಆ ಪತ್ರಗಳಿಗೆ ಹೆದರಬೇಡಿ. ಆದರೆ ದಾವೆ ಹೂಡುವ ಮುನ್ನಿನ ಪತ್ರ ಬಂದರೆ 30 ದಿನದೊಳಗೆ, ಕೋರ್ಟಿನ ಕಾಗದವೇ ಬಂದರೆ 14 ದಿನದೊಳಗೆ ಉತ್ತರಿಸಲೇಬೇಕು. ಉತ್ತರಿಸದಿದ್ದರೆ ನಿಮ್ಮ ಗೈರಿನಲ್ಲೇ ತೀರ್ಪಾಗುತ್ತದೆ. ಒಂದು ತಿಂಗಳೊಳಗೆ ಪೂರ್ತಿ ಹಣ ಕಟ್ಟದಿದ್ದರೆ ಅದು ಆರು ವರ್ಷ ಸಾಲದ ದಾಖಲೆಯಲ್ಲಿ ಉಳಿಯುತ್ತದೆ. ಮನೆ ಬದಲಿಸುವ ನಮ್ಮವರು ಸಿಕ್ಕಿಬೀಳುವುದು ಇಲ್ಲೇ: ಕೋರ್ಟಿನ ಪತ್ರ ಹಳೆಯ ಮನೆಗೆ ಹೋಗಿರುತ್ತದೆ. ಮನೆ ಬದಲಿಸಿದ ಕೂಡಲೇ ಡಿವಿಎಲ್ಎಗೂ ಪಾರ್ಕಿಂಗ್ ಕಂಪನಿಗೂ ಹೊಸ ವಿಳಾಸ ತಿಳಿಸಿ.

ವೀಸಾ ಭಯಕ್ಕೆ ಉತ್ತರವೂ ಇದರಲ್ಲೇ ಇದೆ. ಖಾಸಗಿ ಪಾರ್ಕಿಂಗ್ ಚಾರ್ಜ್ ಅಪರಾಧವಲ್ಲ, ಪೊಲೀಸ್ ದಾಖಲೆಗೆ ಸೇರುವುದಿಲ್ಲ. ಆದರೆ ವೀಸಾ ಅರ್ಜಿಗಳಲ್ಲಿ ನಿಮ್ಮ ವಿರುದ್ಧ ಸಿವಿಲ್ ತೀರ್ಪು ಇದೆಯೇ ಎಂದು ಕೇಳುತ್ತಾರೆ. ನೋಟಿಸ್ ಬಂದದ್ದಕ್ಕೆ ಚಿಂತೆ ಬೇಡ, ಅದು ತೀರ್ಪಿನವರೆಗೆ ಬೆಳೆಯಲು ಬಿಡಬೇಡಿ.

ಪ್ರಶ್ನೆ: ನಾನು ಎಡಿನ್‌ಬರೋದಲ್ಲಿ ಓದುತ್ತಿದ್ದೇನೆ. ಸ್ಕಾಟ್ಲೆಂಡಿನಲ್ಲಿ ಇಂಥ ನೋಟಿಸುಗಳಿಗೆ ಬೆಲೆಯೇ ಇಲ್ಲ ಎಂದು ಅಣ್ಣ ಹೇಳುತ್ತಾನೆ. ನಿಜವೇ?

ಉತ್ತರ: ಅರ್ಧ ನಿಜ. 2012ರ ಕಾಯ್ದೆಯ ಆ ಅನುಸೂಚಿ ಸ್ಕಾಟ್ಲೆಂಡಿಗೆ ಅನ್ವಯಿಸುವುದಿಲ್ಲ, ಹಾಗಾಗಿ ಕೀಪರ್ ಎಂಬ ಕಾರಣಕ್ಕೆ ಹಣ ಕೇಳುವಂತಿಲ್ಲ. ಚಾಲಕರ ಹೊಣೆ ಮಾತ್ರ ಅಲ್ಲೂ ಇದೆ. 2017ರಲ್ಲಿ ಡಂಡೀಯ ಶೆರಿಫ್ ಕೋರ್ಟ್, ಪರ್ಮಿಟ್ ಕೊಳ್ಳದೆ ತನ್ನ ಹೆತ್ತವರ ಮನೆಯ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸುತ್ತ, ಬಂದ ನೋಟಿಸುಗಳನ್ನೆಲ್ಲ ಕಡೆಗಣಿಸಿದ ಮಹಿಳೆಯೊಬ್ಬರು ಸುಮಾರು 24,500 ಪೌಂಡ್ ಕಟ್ಟಬೇಕೆಂದು ತೀರ್ಪು ಕೊಟ್ಟಿತು. ಅಣ್ಣನಿಗೆ ಈ ಮೊತ್ತವನ್ನು ಹೇಳಿ, ನಂತರ ಕೀಪರ್ ಹೆಸರಿನಲ್ಲಿ ಉತ್ತರ ಬರೆಯಿರಿ.