ಕಟ್ಟಡ ಆಮೇಲಾಗಲಿ, ಮೊದಲು ತಿಂಗಳ ಖರ್ಚಿನ ಲೆಕ್ಕ ಹಾಕಿ

ಮಧುಗಿರಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ವಯನಾಡಿನಲ್ಲಿ ಗುಡ್ಡ ಕುಸಿದಾಗ ನಾವು ಗೆಳೆಯರೆಲ್ಲ ಸೇರಿ ಅಕ್ಕಿ, ಬೆಡ್‌ಶೀಟು ಲಾರಿಗೆ ತುಂಬಿಕೊಂಡು ಹೋಗಿ ಕೊಟ್ಟು ಬಂದೆವು. ಒಂದಷ್ಟು ದುಡ್ಡು ಉಳಿದಿದೆ, ಇನ್ನೂ ಕೊಡುವವರಿದ್ದಾರೆ. ಅಲ್ಲಿ ಒಂದು ಶಾಲೆ ಕಟ್ಟಿಸಬೇಕು, ತಬ್ಬಲಿ ಮಕ್ಕಳಿಗೆ ಆಶ್ರಮ ಮಾಡಬೇಕು, ಆಗಾಗ ಹೋಗಿ ಮಕ್ಕಳ ಜೊತೆ ಇದ್ದು ಬರಬೇಕು ಅಂತ ಆಸೆ. ಊರಿನ ಹಿರಿಯರು ದುಡ್ಡು ಸರ್ಕಾರಕ್ಕೆ ಕಟ್ಟಿ ಸುಮ್ನಿರಿ ಅನ್ನುತ್ತಾರೆ. ನೀವೇನಂತೀರಿ?’

ನಿಮ್ಮ ಹಿರಿಯರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಿಮ್ಮ ಯೋಜನೆಯನ್ನೂ ಒಪ್ಪುವುದಿಲ್ಲ. ಬೇಜಾರಾಗಬೇಡಿ, ಪೂರ್ತಿ ಓದಿ.

ವಾಪಸ್ ಬರುವಾಗ ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚಿ, ಬೆಳಗಿನ ತನಕ ಸುಲ್ತಾನ್ ಬತ್ತೇರಿಯಲ್ಲಿ ಲಾರಿಯೊಳಗೇ ಮಲಗಿದ್ದನ್ನು ಬರೆದಿದ್ದೀರಲ್ಲ, ಓದಿ ನಗು ಬಂತು. ಆ ದಾರಿಯಲ್ಲಿ ದಿನಾ ಓಡಾಡುವ ಡ್ರೈವರ್ ಒಬ್ಬರನ್ನು ಮೊದಲೇ ಕೇಳಿದ್ದರೆ ಹೇಳುತ್ತಿದ್ದರು. ಶಾಲೆ, ಆಶ್ರಮದ ವಿಷಯದಲ್ಲೂ ನೀವು ಅಲ್ಲಿಯವರನ್ನು ಇನ್ನೂ ಕೇಳಿಲ್ಲ. ಪತ್ರದಲ್ಲಿ ಎಲ್ಲೂ ‘ಅವರು ಇದು ಬೇಕು ಅಂದರು’ ಅನ್ನುವ ಸಾಲು ನನಗೆ ಕಾಣಲಿಲ್ಲ.

ಶಾಲೆಯ ಮಾತೇ ತಗೊಳ್ಳಿ. 2024ರ ಜುಲೈ 30ರ ಬೆಳಗಿನ ಜಾವ ಮುಂಡಕ್ಕೈ, ಚೂರಲ್‌ಮಲ ಕಡೆ ಗುಡ್ಡ ಜಾರಿತು, ಇನ್ನೂರಕ್ಕೂ ಹೆಚ್ಚು ಜನ ಹೋದರು. ವೆಳ್ಳಾರ್‌ಮಲದ ಸರ್ಕಾರಿ ಶಾಲೆ ಹೊಳೆಯ ಪಕ್ಕದಲ್ಲೇ ಇತ್ತು, ಹಾಳಾಯಿತು. ಆದರೆ ಸೆಪ್ಟೆಂಬರ್ ಹೊತ್ತಿಗೇ ಆ ಮಕ್ಕಳಿಗೆ ಮೇಪ್ಪಾಡಿಯಲ್ಲಿ ತರಗತಿ ಶುರು ಮಾಡಿದರು. ಮನೆ ಕಳೆದುಕೊಂಡವರಿಗೆ ಕಲ್ಪೆಟ್ಟದಲ್ಲಿ ಹೊಸ ಬಡಾವಣೆ ಅಂತ ಸರ್ಕಾರವೇ ಹೊರಟಿತು. ಅಂದರೆ ಊರೇ ಜಾಗ ಬದಲಾಯಿಸುತ್ತಿದೆ. ನೀವು ಹಳೇ ಜಾಗದಲ್ಲಿ ಶಾಲೆ ಕಟ್ಟಿದರೆ ಯಾರ ಮಕ್ಕಳು ಬರುತ್ತಾರೆ? ಕುಟುಂಬಗಳು ಬೇರೆ ಬೇರೆ ಪಂಚಾಯ್ತಿಗಳಲ್ಲಿ ಬಾಡಿಗೆ ಮನೆ ಹಿಡಿದು ಚದುರಿದಾಗ ಮಕ್ಕಳಿಗೆ ಗೋಡೆಗಿಂತ ಬಸ್ ಜಾಸ್ತಿ ಬೇಕಾಗುತ್ತೆ, ಪಿಯುಸಿ, ಡಿಗ್ರಿ ಓದುವವರಿಗೆ ಫೀಸು ಬೇಕಾಗುತ್ತೆ. ಬಸ್ಸಿನ ಮೇಲೆ ನಿಮ್ಮ ಸಂಘದ ಹೆಸರಿನ ಕಲ್ಲು ಕೂರಿಸಲಾಗುವುದಿಲ್ಲ, ಅದು ಬೇರೆ ಮಾತು.

ನಿಮ್ಮಲ್ಲಿ ಇಬ್ಬರು ಬಿ.ಎಡ್ ಆದವರು ಪಾಠ ಮಾಡಲು ತಯಾರಿದ್ದಾರಂತೆ. ಒಳ್ಳೆಯದು. ಯಾವ ಭಾಷೆಯಲ್ಲಿ? ಅಲ್ಲಿನ ಮಕ್ಕಳ ಮಾತು ಮಲಯಾಳ. ಅದಕ್ಕಿಂತ ಅದೇ ಊರಿನ, ಅದೇ ದುಃಖ ಕಂಡ ಒಬ್ಬ ಹುಡುಗಿಗೆ ಸಂಜೆ ಮನೆಪಾಠ ಮಾಡಲು ತಿಂಗಳಿಗೆ 15 ಸಾವಿರ ಕೊಡುವ ಲೆಕ್ಕ ಹಾಕಿ. ವರ್ಷಕ್ಕೆ 1.8 ಲಕ್ಷ, ಐದು ವರ್ಷಕ್ಕೆ 9 ಲಕ್ಷ. ಈ ಲೆಕ್ಕ ಕೇಳಿದ ತಕ್ಷಣ ಸಂಘದಲ್ಲಿ ಅರ್ಧ ಜನ ಸುಮ್ಮನಾಗುತ್ತಾರೆ, ನೋಡಿ ಬೇಕಾದರೆ. ಗೋಡೆಗೆ ದುಡ್ಡು ಎತ್ತುವುದು ಸುಲಭ, ಸಂಬಳಕ್ಕೆ ಎತ್ತುವುದು ಕಷ್ಟ.

ಈಗ ಆಶ್ರಮ. ಇದಕ್ಕೆ ನನ್ನ ವಿರೋಧ ಇನ್ನೂ ಜಾಸ್ತಿ. 2024ರ ಅಕ್ಟೋಬರ್‌ನಲ್ಲಿ ಕೇರಳ ಸರ್ಕಾರ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ತಲಾ 10 ಲಕ್ಷ, ಒಬ್ಬರನ್ನು ಕಳೆದುಕೊಂಡವರಿಗೆ ತಲಾ 5 ಲಕ್ಷ ಕೊಡಲು ತೀರ್ಮಾನಿಸಿತು. ಇಬ್ಬರನ್ನೂ ಕಳೆದುಕೊಂಡವರು ಹತ್ತು ಮಕ್ಕಳೂ ಇರಲಿಲ್ಲ. ಅಷ್ಟು ಮಕ್ಕಳಿಗೆ ಆಶ್ರಮ ಯಾಕೆ? ಅಜ್ಜಿಯೋ ಚಿಕ್ಕಮ್ಮನೋ ಸೋದರಮಾವನೋ ಸಾಕುತ್ತೇನೆ ಅಂತ ನಿಂತಿದ್ದರೆ ಆ ಮನೆಗೇ ನೆರವು ಹೋಗಬೇಕು. ಕಾನೂನೂ ಅದನ್ನೇ ಹೇಳುತ್ತೆ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಮಗುವನ್ನು ಸಂಸ್ಥೆಗೆ ಸೇರಿಸುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಬಂಧುಗಳ ಮನೆಯಲ್ಲೇ ಬೆಳೆಯುವ ಇಂಥ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಕೊಡುವ ಅವಕಾಶ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿದೆ. ಅರ್ಜಿ ಬರೆಯಲು, ದಾಖಲೆ ಜೋಡಿಸಲು ಆ ಅಜ್ಜಿಗೆ ಯಾರಾದರೂ ಜೊತೆಗಿದ್ದರೆ ಸಾಕು. ನೊಂದಣಿ ಇಲ್ಲದೆ ಆಶ್ರಮ ನಡೆಸಿದರೆ ಜೈಲೂ ಆಗಬಹುದು. ಮಗು ಒಂಟಿಯಾಗಿ ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬೇಕು, ‘ನಾವೇ ಸಾಕಿಕೊಳ್ಳುತ್ತೇವೆ’ ಅನ್ನುವಂತಿಲ್ಲ.

ಕಾನೂನು ಯಾಕೆ ಇಷ್ಟು ಬಿಗಿ ಅಂತ ಕೇಳಬಹುದು. ನೇಪಾಳದಲ್ಲಿ 2015ರ ಏಪ್ರಿಲ್ 25ರಂದು ಭೂಕಂಪ ಆಯಿತಲ್ಲ, ಅಂದು ಶನಿವಾರ, ಅಲ್ಲಿ ಶಾಲೆಗೆ ರಜೆ, ಹಾಗಾಗಿ ಸಾವಿರಾರು ತರಗತಿ ಕೋಣೆ ಬಿದ್ದಾಗ ಒಳಗೆ ಮಕ್ಕಳಿರಲಿಲ್ಲ. ಆಮೇಲೆ ಬಂದದ್ದು ಬೇರೆ ಥರದ ಅಪಾಯ. ಓದಿಸುತ್ತೇವೆ ಅಂತ ಹಳ್ಳಿಯಿಂದ ಮಕ್ಕಳನ್ನು ಕರೆದೊಯ್ದು, ತಂದೆ ತಾಯಿ ಬದುಕಿದ್ದರೂ ‘ಅನಾಥ’ ಅಂತ ತೋರಿಸಿ ಹೊರದೇಶದ ದಾನಿಗಳಿಂದ ದುಡ್ಡು ಎತ್ತುವ ದಂಧೆ ಅಲ್ಲಿ ಮೊದಲೇ ಇತ್ತು, ಭೂಕಂಪ ಅದಕ್ಕೆ ಹಬ್ಬವಾಗುವ ಭಯ ಇತ್ತು. ಮಕ್ಕಳು ಹಿರಿಯರಿಲ್ಲದೆ ಜಿಲ್ಲೆ ದಾಟುವಂತಿಲ್ಲ, ಹೊಸ ಮಕ್ಕಳಾಶ್ರಮಕ್ಕೆ ನೊಂದಣಿ ಇಲ್ಲ ಅಂತ ಅಲ್ಲಿನ ಸರ್ಕಾರ ತಡೆ ಹಾಕಬೇಕಾಯಿತು. ದಾನಿಗಳಲ್ಲಿ ಹೆಚ್ಚಿನವರು ನಿಮ್ಮಂಥ ಒಳ್ಳೆಯವರೇ ಕಣ್ರಿ.

ಆಗಾಗ ಹೋಗಿ ಮಕ್ಕಳ ಜೊತೆ ಇದ್ದು ಬರುವುದು ಕೂಡ ನನಗೆ ಅಷ್ಟು ಹಿಡಿಸಲಿಲ್ಲ. ಅಮ್ಮನನ್ನು ಕಳೆದುಕೊಂಡ ಐದು ವರ್ಷದ ಮಗು ನಿಮ್ಮ ಕುತ್ತಿಗೆಗೆ ಬಿದ್ದು ಅಣ್ಣಾ ಅನ್ನುತ್ತೆ, ನೀವು ಕೇಕ್ ಕತ್ತರಿಸಿ ಸಂಜೆ ಬಸ್ ಹತ್ತುತ್ತೀರಿ. ಮುಂದಿನ ಸಲ ಬೇರೆ ಅಣ್ಣ. ಮಗು ಎಷ್ಟು ಜನರನ್ನು ಅಂತ ಕಳೆದುಕೊಳ್ಳಬೇಕು? ಇಂಥ ಮಕ್ಕಳಿರುವ ಕಡೆ ರಾತ್ರಿ ಜ್ವರ ಬಂದಾಗ ಹಣೆ ಮುಟ್ಟಿ ನೋಡುವ ಆಯಾ ಇರುತ್ತಾರಲ್ಲ, ಅವರು ಕೆಲಸ ಬಿಟ್ಟು ಹೋಗದ ಹಾಗೆ ನೋಡಿಕೊಳ್ಳುವುದೇ ದೊಡ್ಡ ಸಹಾಯ. ಮಕ್ಕಳ ಫೋಟೊ ದಾನಿಗಳಿಗೆ ಕಳಿಸುವ ಯೋಚನೆಯನ್ನಂತೂ ಈಗಲೇ ಬಿಡಿ. ಆ ಮಕ್ಕಳ ಗುರುತು ಬಯಲು ಮಾಡುವುದು ಅಪರಾಧ.

ವರ್ಷಗಟ್ಟಲೆ ನಡೆಸುವುದು ಆಗದ ಕೆಲಸ ಅಂತ ತುಮಕೂರಿನವರು ಹೇಳುವ ಹಾಗಿಲ್ಲ. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿ 1941ರಲ್ಲಿ ಮಠದ ಹೊಣೆ ಹೊತ್ತವರು 2019ರ ಜನವರಿಯಲ್ಲಿ ಲಿಂಗೈಕ್ಯರಾದರು. ಅಷ್ಟೂ ಕಾಲ ಸಾವಿರಾರು ಮಕ್ಕಳು ಅಲ್ಲಿ ಉಂಡು ಓದಿದರು, ಈಗಲೂ ಓದುತ್ತಿದ್ದಾರೆ. ಅದು ಯಾರೋ ಸಾಹುಕಾರ ಒಂದು ಸಲ ಚೆಕ್ ಬರೆದು ನಡೆದದ್ದಲ್ಲ. ಸುಗ್ಗಿ ಮುಗಿದ ಮೇಲೆ ರೈತರು ರಾಗಿ, ಕಾಳು, ತೆಂಗಿನಕಾಯಿ ತಂದು ಒಪ್ಪಿಸಿದರು, ಮುಂದಿನ ವರ್ಷ ಮತ್ತೆ ತಂದರು.

ಹಾಗಂತ ನಿಮ್ಮ ಹಿರಿಯರು ಹೇಳಿದಂತೆ ದುಡ್ಡು ಕಟ್ಟಿ ಕೈ ತೊಳೆದುಕೊಳ್ಳಿ ಅನ್ನುತ್ತಿಲ್ಲ. ಮೇಪ್ಪಾಡಿಯ ಶಾಲೆಗೆ ಒಂದು ಪತ್ರ ಬರೆದು ಈ ವರ್ಷ ಏನು ಕೊರತೆ ಅಂತ ಕೇಳಿ. ಹಾಗೇ ನಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೂ ಹೋಗಿ ಬನ್ನಿ. 2021ರಲ್ಲಿ ಕೋವಿಡ್‌ಗೆ ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳಿಗೆ ರಾಜ್ಯ ಸರ್ಕಾರ ತಿಂಗಳಿಗೆ 3,500 ರೂಪಾಯಿ ಗೊತ್ತು ಮಾಡಿತು. ಆಗ ಹನ್ನೆರಡು ಹದಿಮೂರು ವರ್ಷದವರು ಈಗ ಕಾಲೇಜಿನ ಮೆಟ್ಟಿಲು ಹತ್ತುವವರು, ಖರ್ಚು ಜಾಸ್ತಿಯಾಗುವ ವಯಸ್ಸು. ಲಾರಿಗಳು ಅವರ ಮನೆಗೆ ಹೋಗುವುದು ನಿಂತು ಯಾವ ಕಾಲವಾಯಿತೋ.

ನಾಳೆ ಅಲ್ಲಿಯವರೇ ‘ಒಂದು ಕೋಣೆ ಬೇಕು’ ಅಂದರೆ ಕಟ್ಟಿಸಿ, ಖಂಡಿತ ಬೇಡ ಅನ್ನುವುದಿಲ್ಲ. ಜಾಗವನ್ನು ಎಂಜಿನಿಯರ್ ನೋಡಲಿ, ಹೊಳೆ ಎಲ್ಲಿಯವರೆಗೆ ಬಂದಿತ್ತು ಅಂತ ಊರಿನ ಮುದುಕರನ್ನೂ ಕೇಳಿ. ಅಡುಗೆ ಕೋಣೆ ತರಗತಿಯಿಂದ ದೂರ ಇರಲಿ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ಗರಿ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಅದಕ್ಕೆ ಭೂಮಿ ನಡುಗಬೇಕಾಗಿರಲಿಲ್ಲ, ಗುಡ್ಡ ಜಾರಬೇಕಾಗಿರಲಿಲ್ಲ.

ಪತ್ರದ ಹಿಂಬದಿಯಲ್ಲಿ ಇನ್ನೊಂದು ಕೇಳಿದ್ದೀರಿ: ಸಿಮೆಂಟ್ ಅಂಗಡಿಯವರೊಬ್ಬರು ಇನ್ನೂರು ಮೂಟೆ ಈಗಲೇ ಇಳಿಸುತ್ತೇನೆ ಅನ್ನುತ್ತಿದ್ದಾರೆ, ತಗೊಳ್ಳೋದಾ? ಬೇಡ. ಮೂರು ತಿಂಗಳು ಕೂತ ಸಿಮೆಂಟಿನ ಬಲ ಹೆಚ್ಚುಕಮ್ಮಿ ಐದರಲ್ಲೊಂದು ಪಾಲು ಇಳಿಯುತ್ತೆ, ತೇವ ತಗುಲಿದರೆ ಇನ್ನೂ ಜಾಸ್ತಿ. ಬೇಕಾದಾಗ ಕೇಳುತ್ತೇವೆ ಅನ್ನಿ, ಅಲ್ಲಿಯವರೆಗೆ ತಿಂಗಳ ಚಂದಾ ಪಟ್ಟಿಯಲ್ಲಿ ನಿಮ್ಮ ಹೆಸರು ಬರೆದುಕೊಳ್ಳೋಣವಾ ಅಂತಲೂ ಕೇಳಿ.