ಅಷ್ಟೂರಿನಲ್ಲಿ ಯಾರ ಪಾಲು ಎಷ್ಟು?

ಹುಮನಾಬಾದ್ ಕಡೆಯ ಓದುಗರಿಗೆ,

ಬೀದರ್ ಹತ್ತಿರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾನ ಗೋರಿಯಿದೆ, ಅಲ್ಲೇ ಜಾತ್ರೆ ನಡೆಯುತ್ತದೆ. ಕಳೆದ ಸಂಚಿಕೆಯ ಆ ಜಾತ್ರೆಯ ಲೇಖನದಲ್ಲಿ ಅಹ್ಮದ್ ಷಾನನ್ನು ಒಂದು ಕಡೆ ‘ವಲಿ’ (ಮುಸ್ಲಿಂ ಸಂತ) ಎಂದಿದ್ದೆವು, ಇನ್ನೊಂದು ಕಡೆ ‘ಅಲ್ಲಮ ಪ್ರಭು’ ಎಂದಿದ್ದೆವು. ಎರಡೂ ನಿಜ ಆಗೋಕೆ ಸಾಧ್ಯವಿಲ್ಲ, ಒಂದನ್ನು ಆರಿಸಿ ಎಂದು ಬರೆದಿದ್ದೀರಿ. ಹೀಗೆ ಬೆರೆಸುತ್ತಾ ಹೋದರೆ ಲಿಂಗಾಯತರೂ ಉಳಿಯಲ್ಲ, ಮುಸ್ಲಿಮರೂ ಉಳಿಯಲ್ಲ ಎಂಬ ಆತಂಕವೂ ಪತ್ರದಲ್ಲಿದೆ.

ಇತಿಹಾಸದಲ್ಲಿ ಗೊಂದಲವಿಲ್ಲ. ಅಲ್ಲಮ 12ನೇ ಶತಮಾನದವರು. ಅಹ್ಮದ್ ಷಾ 1422ರಲ್ಲಿ ಬಹಮನಿ ಪಟ್ಟಕ್ಕೆ ಬಂದ, ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ, 1436ರಲ್ಲಿ ತೀರಿಕೊಂಡ.

ಆದರೆ ಜಾತ್ರೆಯಲ್ಲಿ ಏನು ಬೆರೆಯುತ್ತದೆ, ಏನು ಬೆರೆಯಲ್ಲ ಅಂತ ಸ್ವಲ್ಪ ನಿಂತು ನೋಡಬೇಕು. ಹೋಳಿ ಆದ ಮೇಲೆ ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ಭಕ್ತರ ಜೊತೆ ಬರುತ್ತಾರೆ. ಶಂಖ ಊದುತ್ತಾರೆ, ಗೋರಿಗೆ ಹೂ ಏರಿಸುತ್ತಾರೆ. ಅದೇ ಗೋರಿಯ ಮುಂದೆ ಫಾತಿಹಾ ಓದುವವರೂ ಇರುತ್ತಾರೆ. ಉರುಸಿನ, ಅಂದರೆ ಈ ಜಾತ್ರೆಯ, ದಿನವನ್ನು ಎಣಿಸುವುದು ಹಿಜರಿ ಲೆಕ್ಕದಲ್ಲಲ್ಲ, ಪಂಚಾಂಗದ ಲೆಕ್ಕದಲ್ಲಿ. ಜಂಗಮರು ಜಂಗಮರಾಗಿಯೇ ಬರುತ್ತಾರೆ, ಜಂಗಮರಾಗಿಯೇ ಮರಳುತ್ತಾರೆ. ಅವರಿಗೆ ಅಲ್ಲಿ ಒಂದು ಪಾಲಿದೆ, ಆ ಪಾಲಿಗೆ ಒಂದು ಮರ್ಯಾದೆ ಇದೆ. ಯಾರೂ ಅವರನ್ನು ‘ನೀವು ಇನ್ನು ನಮ್ಮವರು’ ಎಂದು ಕರೆಯುವುದಿಲ್ಲ. ಕರೆದಿದ್ದರೆ ಜಾತ್ರೆ ಎಂದೋ ನಿಲ್ಲುತ್ತಿತ್ತು.

ಮೊಹರಂ ಕೂಡ ಹಾಗೇ. ಮುಸ್ಲಿಮರ ಮನೆಯೇ ಇಲ್ಲದ ಊರಲ್ಲೂ ನಮ್ಮ ಕಡೆ ಅಲಾಯಿ ದೇವರು (ಮೊಹರಂನ ಪಂಜಾಗಳು) ಕೂರುತ್ತವೆ. ಬೆಂಕಿಯ ಕುಣಿ ತೋಡುವ ಮನೆ ಒಂದು, ಹಲಗೆ ಬಾರಿಸುವ ಮನೆ ಒಂದು, ರಿವಾಯತ್ ಎಂಬ ಮೊಹರಂ ಪದ ಹಾಡುವವರು ಬೇರೆ. ಈ ಪಾಲುಗಳಲ್ಲಿ ಮೇಲು-ಕೀಳು ಇದೆ, ಅದನ್ನು ಮುಚ್ಚಿಡಬಾರದು. ಹಲಗೆ ಬಾರಿಸಿದವರನ್ನು ಅದೇ ಊರಿನ ಗುಡಿ ಹೊರಗೆ ನಿಲ್ಲಿಸಿದ್ದು ನಮ್ಮ ನಾಚಿಕೆ.

1948ನ್ನೂ ಮುಚ್ಚಿಡಬಾರದು. ನಿಜಾಮನ ಪರ ನಿಂತ ರಜಾಕಾರರ ಕಾಲದಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ಹಿಂದೂಗಳ ಹತ್ಯೆ ಆಯಿತು. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೇ ಮುಸ್ಲಿಮರ ಹತ್ಯೆ ಆಯಿತು. ಅದನ್ನು ವಿಚಾರಿಸಲು ಕೇಂದ್ರ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಅತಿ ಹೆಚ್ಚು ನರಳಿದ ಜಿಲ್ಲೆಗಳನ್ನು ಹೆಸರಿಸಿದಾಗ ಕಲಬುರಗಿ, ಬೀದರ್ ಎರಡೂ ಅದರಲ್ಲಿದ್ದವು. ಆಗಲೂ ಅಷ್ಟೂರಿತ್ತು, ಅಲಾಯಿ ಇತ್ತು. ಅಂದರೆ ಜಾತ್ರೆ ಇದ್ದ ಮಾತ್ರಕ್ಕೆ ಯಾರೂ ಸುರಕ್ಷಿತರಲ್ಲ. ನೆರೆಮನೆಯವರನ್ನು ಕಾಪಾಡಿದ ಹಿಂದೂಗಳ ಮಾತೂ ಆ ಸಮಿತಿಯ ವರದಿಯಲ್ಲಿದೆ. ಅವರು ಅಂದು ಧರ್ಮ ಬಿಟ್ಟವರಲ್ಲ, ನೆರೆಯವರ ಕೈ ಬಿಡದವರು.

ನನಗೆ ಇವತ್ತು ಜಾಸ್ತಿ ಭಯ ಇರುವುದು ಬೆರಕೆಯ ಬಗ್ಗೆ ಅಲ್ಲ. ಹುಡುಗರು ದುಡಿಯಲು ಪುಣೆ, ಹೈದರಾಬಾದಿಗೆ ಹೋಗುತ್ತಾರೆ. ಅಪ್ಪ ಮಾಡುತ್ತಿದ್ದ ಕೆಲಸಕ್ಕೆ ಮೊಹರಂನಲ್ಲಿ ಜನ ಸಿಗುವುದಿಲ್ಲ. ಪಾಲು ಖಾಲಿ ಆದ ಕಡೆ ‘ಈ ಜಾಗ ಯಾರದು’ ಎಂಬ ಜಗಳ ಬಂದು ಕೂರುವುದು ಸುಲಭ, ಅಲ್ವಾ?

ಆದ್ದರಿಂದ ನಾವು ಒಂದನ್ನು ಆರಿಸುವುದಿಲ್ಲ. ಅಲ್ಲಮ ಎಂದು ನಂಬುವವರು ಯಾರು, ವಲಿ ಎನ್ನುವವರು ಯಾರು ಎಂದು ಇನ್ನು ಮೇಲೆ ಬಿಡಿಸಿ ಬರೆಯುತ್ತೇವೆ. ಆ ಸ್ಪಷ್ಟತೆ ಕೇಳುವ ಹಕ್ಕು ನಿಮಗಿದೆ. ನಿಮ್ಮ ಊರಿನ ಮೊಹರಂನಲ್ಲಿ ಯಾವ ಮನೆಗೆ ಯಾವ ಕೆಲಸ ಇತ್ತು, ಈಗ ಯಾರು ಮಾಡುತ್ತಾರೆ ಎಂದು ಹಿರಿಯರನ್ನು ಕೇಳಿ ಬರೆದು ಕಳಿಸಿ. ರಿವಾಯತ್ ಪದಗಳು ಸಿಕ್ಕರೆ ಅವೂ ಇರಲಿ. ಪ್ರಕಟಿಸುತ್ತೇವೆ.

— ಸಂಪಾದಕ